ಮೊದಲು ನೀರು, ಆಮೇಲೆ ಮಾತು

ಅವಳ ಕತ್ತಿನಲ್ಲಿ ಮೂರು ಗೆರೆಗಳಿದ್ದವು. ಮೈ ಬಂದು ಬಿದ್ದ ಮಡಿಕೆಗಳಲ್ಲ. ಕುಂಬಾರ ಹಸಿ ಮಡಕೆಯ ಕೊರಳಿಗೆ ಬೆರಳಿಟ್ಟು ತಿರುಗಿಸಿದ ಹಾಗೆ ಸುತ್ತಲೂ ನವಿರಾಗಿ ಮೂಡಿದ ಗೆರೆಗಳು. ಬೆಳಿಗ್ಗೆ ಕತ್ತಿಗೆ ಧಾರಾಳವಾಗಿ ಪೌಡರ್ ಬಳಿದುಕೊಂಡು ಬರುತ್ತಿದ್ದಳು. ಬ್ರಿಸ್ಬೇನಿನ ಸೆಕೆಗೆ ಮಧ್ಯಾಹ್ನದ ಹೊತ್ತಿಗೆಲ್ಲ ಪೌಡರ್ ಇಳಿದುಹೋಗಿ, ಆ ಮೂರು ಗೆರೆಗಳಲ್ಲಿ ಮಾತ್ರ ಬೆಳ್ಳಗೆ ಉಳಿದಿರುತ್ತಿತ್ತು. ನಾನು ಪಾಠ ಕೇಳುವುದನ್ನು ಬಿಟ್ಟು ಅದನ್ನೇ ನೋಡುತ್ತ ಕೂತಿರುತ್ತಿದ್ದೆ.

ಅದಕ್ಕೆ ಕಾರಣವಿತ್ತು. ಆಸ್ಟ್ರೇಲಿಯಕ್ಕೆ ಬರುವ ಮುಂಚೆ ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಕನ್ನಡ ಪಾಠ ಹೇಳಿದವಳು. ಹಳಗನ್ನಡದ ಪದ್ಯಗಳಲ್ಲಿ ‘ಕಂಬುಕಂಠ’ ಎಂಬ ಮಾತು ಬಂದಾಗಲೆಲ್ಲ ‘ಶಂಖದಂಥ ಕೊರಳು, ಮೂರು ಗೆರೆಗಳುಳ್ಳ ಚೆಲುವಾದ ಕೊರಳು’ ಎಂದು ಮಕ್ಕಳಿಗೆ ಬರೆಸಿದ್ದೇ ಬರೆಸಿದ್ದು. ನಾನಾಗಲಿ ನನ್ನ ತರಗತಿಯ ಮಕ್ಕಳಾಗಲಿ ಅಂಥದ್ದೊಂದನ್ನು ಕಣ್ಣಾರೆ ಕಂಡಿರಲಿಲ್ಲ. ಕವಿಗಳು ಸುಮ್ಮನೆ ಬುರುಡೆ ಬಿಡುತ್ತಾರೆ ಎಂದುಕೊಂಡಿದ್ದೆ. ಕೊನೆಗೆ ಅದು ನನ್ನ ಕಣ್ಣಿಗೆ ಬಿದ್ದದ್ದು ಪಶ್ಚಿಮ ಆಫ್ರಿಕಾದ ಘಾನಾದಿಂದ, ಕುಮಾಸಿ ಎಂಬ ಊರಿನಿಂದ ಓದಲು ಬಂದಿದ್ದ ಈ ಹುಡುಗಿಯಲ್ಲಿ. ಪರಿಚಯವಾದ ಮೇಲೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ‘ಹೌದು, ನಮ್ಮ ಕಡೇನೂ ಕತ್ತಲ್ಲಿ ಗೆರೆ ಇದ್ರೆ ಲಕ್ಷಣ ಅಂತಾರೆ. ನಮ್ಮಮ್ಮನ ಕತ್ತು ನೋಡ್ಬೇಕು ನೀವು, ನಂದೇನೂ ಅಲ್ಲ’ ಎಂದಳು. ನಮ್ಮ ಮಾತೆಲ್ಲ ನಡೆಯುತ್ತಿದ್ದುದು ಇಂಗ್ಲಿಷಿನಲ್ಲೇ. ಆದರೆ ನೆನಪಿನಲ್ಲಿ ಅವಳು ಯಾಕೋ ಕನ್ನಡದಲ್ಲೇ ಮಾತಾಡುತ್ತಾಳೆ.

ಅವಳನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ, ಅವಳೂ ನನ್ನನ್ನು ಹಾಗೆ ಕರೆಯಲಿಲ್ಲ. ಮೊದಲ ವಾರವೇ ‘ಸಿಸ್ಟರ್’ ಎಂದಳು. ನಮ್ಮಲ್ಲಿ ಸಿಸ್ಟರ್ ಎಂದರೆ ಒಂದೋ ಇಂಜೆಕ್ಷನ್ ಚುಚ್ಚುವವರು, ಇಲ್ಲವೇ ಕಾನ್ವೆಂಟಿನಲ್ಲಿ ಕಿವಿ ಹಿಂಡುವವರು. ನಾನು ಎರಡೂ ಅಲ್ಲವಲ್ಲ ಎಂದೆ. ‘ನೀವು ನನಗಿಂತ ದೊಡ್ಡೋರು. ಬರೀ ಹೆಸರಲ್ಲಿ ಕರೆದ್ರೆ ನಮ್ಮಮ್ಮ ಕುಮಾಸಿಯಿಂದಾನೇ ಬೆನ್ನಿಗೆ ಬಾರಿಸ್ತಾಳೆ’ ಎಂದಳು. ಅಷ್ಟು ಹೇಳಿದ ಮೇಲೆ ನಾನೂ ಅವಳನ್ನು ಸಿಸ್ಟರ್ ಎಂದೇ ಕರೆಯತೊಡಗಿದೆ. ಹೆಸರು ಹಿಡಿದು ಕರೆಯದ ದೇಶಗಳಿಂದ ಬಂದ ಇಬ್ಬರಿಗೆ ಅದು ಅನುಕೂಲವಾಗಿಯೇ ಇತ್ತು.

ನಾವು ಓದುತ್ತಿದ್ದುದು ಚೈಲ್ಡ್‌ಕೇರ್ ಕೋರ್ಸು, ಅಂದರೆ ಶಾಲೆಗೆ ಹೋಗುವ ಮುಂಚಿನ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸದ ಡಿಪ್ಲೊಮಾ. ನಮ್ಮೆಜಮಾನರು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಊರಂಚಿನ ರನ್‌ಕಾರ್ನ್ ಬಡಾವಣೆಯಲ್ಲಿ ಬಾಡಿಗೆ ಮನೆ. ಮಗಳಿಗೆ ಆಗ ಒಂಬತ್ತು. ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ದಿನವಿಡೀ ಗೋಡೆ ನೋಡಿಕೊಂಡು ಕೂರಲಾರದೆ ಕೋರ್ಸಿಗೆ ಸೇರಿದ್ದೆ. ಸೇರಿದ ಮೊದಲ ದಿನಗಳಲ್ಲೇ ತರಗತಿಯಲ್ಲಿ ಏನನ್ನೋ ಹೇಳಲು ಹೋದೆ. ಟೀಚರು ‘ಸಾರಿ?’ ಎಂದು ಕಿವಿ ಮುಂದೆ ತಂದರು. ಮತ್ತೆ ಹೇಳಿದೆ. ಮತ್ತೆ ‘ಸಾರಿ?’. ಕೆಟ್ಟ ಹೆಂಗಸೇನಲ್ಲ, ನಿಜವಾಗಿ ತಿಳಿಯಲಿಲ್ಲ ಅವರಿಗೆ. ನನಗೆ ಮಾತ್ರ ಮುಖ ಕೆಂಡವಾಯಿತು. ಅರವತ್ತು ಮಕ್ಕಳ ತರಗತಿಯನ್ನು ಒಂದು ಕೆಮ್ಮಿನಲ್ಲಿ ಸುಮ್ಮನಾಗಿಸುತ್ತಿದ್ದ ನಾನು ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡು ಹಿಂದಿನ ಸಾಲು ಹಿಡಿದೆ.

ಸಿಸ್ಟರ್ ಜೊತೆ ಮಾತು ಶುರುವಾದದ್ದು ಅವಳ ಎಡಗೈಯಿಂದ. ಒಂದು ದಿನ ಹಂಚಬೇಕಾದ ಕಾಗದಗಳನ್ನು ಸಾಲಿನಿಂದ ಸಾಲಿಗೆ ದಾಟಿಸುತ್ತಿದ್ದರು. ಅವಳ ಬಲಗೈಯಲ್ಲಿ ಬಣ್ಣದ ಡಬ್ಬಿಗಳ ರಾಶಿ. ಹಿಂದೆ ತಿರುಗಿ ಎಡಗೈಯಲ್ಲಿ ಕಾಗದ ಚಾಚಿ, ‘ಸಾರಿ ಫಾರ್ ಲೆಫ್ಟ್’ ಎಂದಳು. ನನ್ನ ಪಕ್ಕದಲ್ಲಿದ್ದ ಆಸ್ಟ್ರೇಲಿಯದ ಹುಡುಗಿಗೆ ಏನೂ ಅರ್ಥವಾಗಲಿಲ್ಲ, ಎಡಕ್ಕೆ ಏನಿದೆ ಎಂದು ತಿರುಗಿ ನೋಡಿದಳು. ನನಗೆ ತಕ್ಷಣ ತಿಳಿಯಿತು. ಎಡಗೈಯಲ್ಲಿ ಕೊಟ್ಟರೆ, ಎಡಗೈಯಲ್ಲಿ ತೆಗೆದುಕೊಂಡರೆ ನಮ್ಮಜ್ಜಿಯಿಂದ ತಲೆಗೆ ಮೊಟಕಿಸಿಕೊಂಡೇ ಬೆಳೆದವಳು ನಾನು. ಈ ಊರಿನಲ್ಲಿ ಎಲ್ಲರೂ ಯಾವ ಕೈ ಖಾಲಿ ಇದೆಯೋ ಆ ಕೈಯಲ್ಲಿ ಕೊಡುತ್ತಾರೆ, ನಾನು ಮಾತ್ರ ಒಳಗೊಳಗೇ ಮುದುಡುತ್ತಿದ್ದೆ. ಅದನ್ನು ತಪ್ಪೆಂದು ತಿಳಿದ ಇನ್ನೊಂದು ಜೀವ ಅದೇ ಕೋಣೆಯಲ್ಲಿದೆ ಎಂದು ಗೊತ್ತಾದದ್ದು ಆವತ್ತು.

ಅಲ್ಲಿಂದ ನನ್ನ ಕುತೂಹಲಕ್ಕೆ ಮೇವು ಸಿಕ್ಕಿತು. ಹುಟ್ಟಾ ಕೆದಕುವ ಸ್ವಭಾವ ನನ್ನದು. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಪಕ್ಕದ ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಗಳ ಮುಂದೆ ಪ್ಲಾಂಟೇನ್ ಬಾಳೆಕಾಯಿ ಆರಿಸುತ್ತ ಅವಳನ್ನು ಕೇಳಿದ್ದೇ ಕೇಳಿದ್ದು. ನಿಮ್ಮಮ್ಮ ಏನು ಮಾಡುತ್ತಾರೆ? ಕುಮಾಸಿಯ ದೊಡ್ಡ ಮಾರ್ಕೆಟ್ಟಿನಲ್ಲಿ ಬಟ್ಟೆ ಮಾರುತ್ತಾರೆ. ಎಂಥ ಬಟ್ಟೆ? ಅಚ್ಚು ಹಾಕಿದ ಬಣ್ಣದ ಬಟ್ಟೆ, ಒಂದೊಂದು ಚಿತ್ತಾರಕ್ಕೂ ಒಂದೊಂದು ಹೆಸರು. ಬೋಣಿಗೆ ಬಂದವರನ್ನು ಹಾಗೇ ಕಳಿಸುತ್ತಾರಾ? ಇಲ್ಲವೇ ಇಲ್ಲ, ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ದಿನವಿಡೀ ಅಮ್ಮನ ಮುಖ ಬಿಗಿದಿರುತ್ತದೆ. ಮಧ್ಯಾಹ್ನ ಮಲಗುತ್ತಾರಾ? ಬಟ್ಟೆಯ ಗಂಟಿಗೇ ತಲೆ ಕೊಟ್ಟು ಮಲಗುತ್ತಾರೆ, ಎಬ್ಬಿಸಿದ ಗಿರಾಕಿಗೆ ಬೈದು ಆಮೇಲೆ ಒಂದು ಬೆರಳು ಬಟ್ಟೆ ಜಾಸ್ತಿ ಕತ್ತರಿಸಿ ಕೊಡುತ್ತಾರೆ. ಹೀಗೆ ಆ ತಾಯಿಯನ್ನು ನಾನು ಚೂರುಚೂರಾಗಿ ಸಂಪಾದಿಸಿಕೊಂಡೆ. ‘ನಿಮ್ಮಷ್ಟು ಪ್ರಶ್ನೆ ನಮ್ಮ ವೀಸಾ ಆಫೀಸರೂ ಕೇಳ್ಲಿಲ್ಲ’ ಎಂದು ನಗುತ್ತಿದ್ದಳು. ನಕ್ಕರೆ ಮುಂದಿನ ಹಲ್ಲುಗಳ ನಡುವಿನ ಸಂದು ಕಾಣುತ್ತಿತ್ತು. ಅದೂ ಅವರಲ್ಲಿ ಲಕ್ಷಣವಂತೆ.

ತರಗತಿಯ ಉಳಿದವರೂ ಕೇಳುತ್ತಿದ್ದರು, ಆದರೆ ಅವರ ಪ್ರಶ್ನೆಗಳೇ ಬೇರೆ. ಆಫ್ರಿಕಾ ಎಂದರೆ ಅವರಿಗೆ ಒಂದೇ ಊರು. ಮನೆ ಹತ್ತಿರ ಸಿಂಹ ಬರುತ್ತದೆಯೇ ಎಂದು ಮುಖದ ತುಂಬ ಕೆಂಚು ಚುಕ್ಕೆಗಳಿದ್ದ ಒಬ್ಬಳು ತುಂಬ ಅಕ್ಕರೆಯಿಂದಲೇ ಕೇಳಿದಳು. ‘ಸಿಂಹ ನೋಡೋಕೆ ನಾವೂ ಟಿಕೆಟ್ ತಗೊಂಡು ಝೂಗೇ ಹೋಗ್ತೀವಿ. ನಿಮ್ಮನೇಲಿ ಕಾಂಗರೂ ಯಾವ ರೂಮಲ್ಲಿ ಮಲಗುತ್ತೆ?’ ಎಂದಳು ಸಿಸ್ಟರ್. ಆ ಹುಡುಗಿ ಬಿದ್ದು ಬಿದ್ದು ನಕ್ಕಳು. ಸಿಸ್ಟರ್ ಕೂಡ ನಕ್ಕಳು. ಆದರೆ ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ, ‘ಯಾವಾಗ್ಲೂ ಕಾಡು, ಇಲ್ದಿದ್ರೆ ಹಸಿವು. ನಮ್ಮಮ್ಮ ಎಷ್ಟು ನೀಟಾಗಿ ಸೀರೆ ಮಡಿಸಿದ ಹಾಗೆ ಬಟ್ಟೆ ಮಡಿಸ್ತಾಳೆ ಅಂತ ಯಾರಿಗೂ ಗೊತ್ತಾಗಲ್ಲ, ಅಲ್ವಾ?’ ಎಂದಳು. ಸೀರೆ ಎಂಬುದನ್ನು ನಾನೇ ಸೇರಿಸಿದ್ದಿರಬೇಕು. ಉಳಿದದ್ದು ಅವಳದೇ ಮಾತು.

ನಮ್ಮಿಬ್ಬರಿಗೆ ಜಗಳವಾದದ್ದು ಒಂದೇ ವಿಷಯಕ್ಕೆ, ಬೆಂಡೆಕಾಯಿಗೆ. ಒಂದು ಭಾನುವಾರ ಅವಳನ್ನು ಊಟಕ್ಕೆ ಕರೆದಿದ್ದೆ. ಬೆಂಡೆಕಾಯಿಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಆರಲು ಬಿಟ್ಟು, ಒಂದಿಷ್ಟೂ ಲೋಳೆ ಉಳಿಯದ ಹಾಗೆ ಹುಣಸೆ ರಸ ಬಿಟ್ಟು ಹುರಿದಿದ್ದೆ. ಗೊಜ್ಜು, ಸಾರು ಎಲ್ಲವನ್ನೂ ಬಲಗೈಯಲ್ಲಿ ಚೊಕ್ಕವಾಗಿ ಕಲಸಿ ತಿಂದವಳು ಪಲ್ಯ ಬಾಯಿಗಿಟ್ಟು ಗಾಬರಿಯಾಗಿ ನನ್ನನ್ನು ನೋಡಿದಳು. ‘ಲೋಳೆ ಎಲ್ಲಿ?’ ‘ತೆಗೆದೆ.’ ‘ಯಾಕೆ?’ ಅವರಲ್ಲಿ ಲೋಳೆ ಎಳೆಎಳೆಯಾಗಿ ಬರದಿದ್ದರೆ ಅದು ಬೆಂಡೆಕಾಯಿ ಸಾರೇ ಅಲ್ಲವಂತೆ. ಲೋಳೆ ಇನ್ನಷ್ಟು ಬರಲಿ ಎಂದು ಅಡುಗೆ ಸೋಡಾ ಬೇರೆ ಹಾಕುತ್ತಾರಂತೆ. ‘ಜೀವ ತೆಗೆದುಬಿಟ್ರಿ ಪಾಪ’ ಎಂದು ಪಲ್ಯವನ್ನು ಸತ್ತವರನ್ನು ನೋಡಿದ ಹಾಗೆ ನೋಡಿದಳು. ಮುಂದಿನ ವಾರ ಅವಳ ಮನೆಯಲ್ಲಿ ಲೋಳೆಯ ಸಾರು ತಿಂದು ನಾನು ಸೇಡು ತೀರಿಸಿಕೊಳ್ಳಲು ನೋಡಿದೆ. ಏನು ಹೇಳಲಿ, ಎರಡನೇ ಸಲ ಬಡಿಸಿಕೊಂಡೆ.

ಇಷ್ಟೆಲ್ಲ ಆದರೂ ತರಗತಿಯಲ್ಲಿ ನಾನು ಬಾಯಿ ಬಿಡಲಿಲ್ಲ. ಆಗ ಬಂತು ಆ ಅಸೈನ್‌ಮೆಂಟು. ಪ್ರತಿಯೊಬ್ಬರೂ ತಾವು ಬೆಳೆದ ಊರನ್ನು ತರಗತಿಯ ಮುಂದೆ ನಿಂತು ಪರಿಚಯಿಸಬೇಕು. ಬೇರೆ ಬೇರೆ ದೇಶಗಳ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಇದು ಬೇಕೇ ಬೇಕು, ಮಾಡದಿದ್ದರೆ ಪಾಸಿಲ್ಲ ಎಂದರು ಟೀಚರು. ಮೈಸೂರಿನ ಬಗ್ಗೆ ನಾನು ಕನ್ನಡದಲ್ಲಿ ಮೂರು ದಿನ ನಿಲ್ಲಿಸದೆ ಮಾತಾಡಬಲ್ಲೆ. ಇಂಗ್ಲಿಷಿನಲ್ಲಿ ಮೂರನೇ ವಾಕ್ಯಕ್ಕೆ ‘ಸಾರಿ?’ ಬರುತ್ತದೆ. ಕೋರ್ಸು ಬಿಡುವುದೆಂದು ತೀರ್ಮಾನಿಸಿ ಮನೆಯಲ್ಲಿ ಹೇಳಿದೆ. ‘ಬಿಡೋದಾದ್ರೆ ಬಿಡು. ಆದ್ರೆ ಮನೇಲಿ ಕೂತು ನನ್ನ ತಲೆ ತಿನ್ಬೇಡ’ ಎಂದರು ನಮ್ಮ ಡಾಕ್ಟರು. ಮಗಳು ಟೀವಿಯಿಂದ ಕಣ್ಣು ಕೀಳದೆ ‘ಡೋಂಟ್ ಬಿ ಸಿಲ್ಲಿ, ಅಮ್ಮ’ ಎಂದಳು.

ಸಿಸ್ಟರ್‌ಗೆ ಹೇಳಿಬಿಡೋಣವೆಂದು ಸನ್ನಿಬ್ಯಾಂಕಿನಲ್ಲಿ ಅವಳಿದ್ದ ಮನೆಗೆ ಹೋದೆ. ಬಾಗಿಲು ತೆರೆದ ತಕ್ಷಣ ‘ನೋಡು, ನಾನು ಕೋರ್ಸು...’ ಎಂದು ಶುರುಮಾಡಿದೆ. ಅವಳು ಕೈಯೆತ್ತಿ ತಡೆದಳು. ಕುರ್ಚಿ ತೋರಿಸಿದಳು. ಒಳಗೆ ಹೋಗಿ ನೀರು ತಂದು ಬಲಗೈಯಲ್ಲಿ ಕೊಟ್ಟು ಎದುರಿಗೆ ಕೂತಳು. ನಾನು ಮತ್ತೆ ಬಾಯಿ ತೆರೆದರೆ ಲೋಟದ ಕಡೆ ಕಣ್ಣು ತೋರಿಸಿದಳು. ಕುಡಿದು ಮುಗಿಸಿದ ಮೇಲೆ ಬೆನ್ನು ನೆಟ್ಟಗೆ ಮಾಡಿ, ಯಾರೋ ಹಿರಿಯರ ಗತ್ತಿನಲ್ಲಿ ಹೇಳಿದಳು: ‘ಇಲ್ಲಿ ಎಲ್ಲ ಕ್ಷೇಮ. ನಡೆದು ಬಂದೋರು ನೀವು. ಈಗ ಹೇಳಿ, ಏನು ಸಮಾಚಾರ?’

ಅವರ ಊರಿನ ರೀತಿಯಂತೆ ಅದು. ಬಂದವರು ಬೆಂಕಿ ಬಿದ್ದಿದೆ ಎನ್ನಲು ಬಂದಿದ್ದರೂ ಸರಿ, ಮೊದಲು ಕೂರಿಸಿ ನೀರು ಕೊಡಬೇಕು. ಆಮೇಲೆ ಮನೆಯವರು ತಮ್ಮ ಕ್ಷೇಮ ಹೇಳಿ, ಬಂದ ಕಾರಣ ಕೇಳಬೇಕು. ಅಲ್ಲಿಯ ತನಕ ಯಾರೂ ವಿಷಯ ಎತ್ತುವಂತಿಲ್ಲ. ನೀರು ಇಳಿದ ಗಂಟಲಿನಿಂದ ಬರುವ ಮಾತು ಬೇರೆಯಂತೆ. ನನ್ನಜ್ಜಿ ಬಂದವರಿಗೆ ಬೆಲ್ಲ ನೀರು ಕೊಡುತ್ತಿದ್ದುದು ನೆನಪಾಯಿತು. ನಾನು ಅವಳಿಗೆ ಎಲ್ಲ ಹೇಳಿದೆ. ನಡುವೆ ಅತ್ತುಬಿಟ್ಟೆ ಕೂಡ. ಅವಳು ಸಮಾಧಾನ ಹೇಳಲಿಲ್ಲ, ಖಾಲಿ ಲೋಟ ಎತ್ತಿಟ್ಟಳು.

‘ನಮ್ಮ ರಾಜರು ಸಭೇಲಿ ನೇರವಾಗಿ ಮಾತಾಡಲ್ಲ, ಗೊತ್ತಾ?’ ಎಂದಳು ಆಮೇಲೆ. ಅರಸನ ಪಕ್ಕದಲ್ಲಿ ಚಿನ್ನದ ತಗಡು ಹೊದಿಸಿದ ಕೋಲು ಹಿಡಿದು ಒಬ್ಬ ನಿಂತಿರುತ್ತಾನಂತೆ. ಅರಸ ಅವನ ಕಿವಿಯಲ್ಲಿ ಪಿಸುಗುಟ್ಟುತ್ತಾನೆ, ಅವನು ಅದನ್ನು ಚೆಂದ ಮಾಡಿ ಸಭೆಗೆ ಹೇಳುತ್ತಾನೆ. ಸಭೆಯವರು ಅರಸನಿಗೆ ಏನಾದರೂ ಹೇಳಬೇಕಿದ್ದರೂ ಅವನಿಗೇ ಹೇಳಬೇಕು. ಅವನು ಒರಟು ತೆಗೆದು, ನಯ ಮಾಡಿ ದಾಟಿಸುತ್ತಾನೆ. ಅವನಿಗೆ ಅವರಲ್ಲಿ ಒಚಿಯಾಮೆ ಎನ್ನುತ್ತಾರೆ. ನಾವು ಮಾತುಗಾರ ಎನ್ನಬಹುದು. ಮದುವೆಗೆ, ಸಾವಿಗೆ, ಮನೆಯ ಪಂಚಾಯಿತಿಗೆ, ಎಲ್ಲದಕ್ಕೂ ಒಬ್ಬ ಮಾತುಗಾರ ಬೇಕು. ‘ನನ್ನ ಊರಿನ ಪರಿಚಯದ ದಿನ ನಾನು ಮಾತಾಡಲ್ಲ. ನೀವು ನನ್ನ ಒಚಿಯಾಮೆ’ ಎಂದಳು.

‘ತಲೆ ಕೆಟ್ಟಿದೆಯಾ? ನಾನು ಕೆಡಿಸಿದರೆ ನಿನ್ನ ಮಾರ್ಕ್ಸೂ ಹೋಗುತ್ತೆ.’

‘ಹೋಗುತ್ತೆ. ಕುಮಾಸಿ ಮರ್ಯಾದೇನೂ ಹೋಗುತ್ತೆ. ಅದಕ್ಕೇ ಕೆಡಿಸ್ಬೇಡಿ.’

ಆ ದಿನ ಬಂತು. ಅದಕ್ಕೆ ಮೊದಲು ಪರಿಚಯ ಮಾಡಿದವರೆಲ್ಲ ಪರದೆಯ ಮೇಲೆ ಬಾವುಟ, ನಕ್ಷೆ, ಹೆಸರಾಂತ ಬೆಟ್ಟ ತೋರಿಸಿದ್ದರು. ಸಿಸ್ಟರ್ ಟೀಚರನ್ನೂ ಸೇರಿಸಿ ಎಲ್ಲರನ್ನೂ ಬಾಗಿಲ ಹೊರಗೆ ಕಳಿಸಿಬಿಟ್ಟಳು. ನೀವೆಲ್ಲ ನಡೆದು ಬಂದ ಅತಿಥಿಗಳು ಎಂದಳು. ಮಕ್ಕಳು ಕೂರುವ ಪುಟ್ಟ ಸ್ಟೂಲಿಗೆ ಅಮ್ಮ ಕಳಿಸಿದ್ದ ಹಳದಿ-ಹಸಿರು ಬಟ್ಟೆ ಹೊದಿಸಿ ಕೂತಳು, ಕತ್ತಿಗೆ ಎಂದಿಗಿಂತ ಹೆಚ್ಚು ಪೌಡರ್. ನನ್ನ ಕೈಗೆ ಕೋಲು ಕೊಟ್ಟಳು: ಉದ್ದ ಪೊರಕೆಯ ಹಿಡಿಗೆ ಚಿನ್ನದ ಬಣ್ಣದ ಗಿಫ್ಟ್ ಪೇಪರ್ ಸುತ್ತಿದ್ದು. ಅತಿಥಿಗಳು ಒಬ್ಬೊಬ್ಬರಾಗಿ ಒಳಗೆ ಬಂದು, ಬಲಗಡೆಯಿಂದ ಶುರುಮಾಡಿ ಕೈಕುಲುಕಿ ಕೂತರು. ನಾನು ಕಾಗದದ ಲೋಟಗಳಲ್ಲಿ ಎಲ್ಲರಿಗೂ ಬಲಗೈಯಲ್ಲಿ ನೀರು ಕೊಟ್ಟೆ. ಯಾಕೋ ಯಾರೂ ನಗಲಿಲ್ಲ, ಎಲ್ಲರೂ ಗಂಭೀರವಾಗಿ ಕುಡಿದರು.

ಸಿಸ್ಟರ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: ಸ್ವಾಗತ ಹೇಳಿ. ನಾನು ಎದುರಿಗೆ ನೋಡಿದೆ. ಎಲ್ಲ ಮುಖಗಳೂ ನನ್ನ ಬಾಯನ್ನೇ ನೋಡುತ್ತಿದ್ದವು. ಕೋಲನ್ನು ನೆಲಕ್ಕೆ ಕುಟ್ಟಿದೆ, ಬಾಯಿ ತೆರೆದೆ. ಹೊರಗೆ ಬಂದದ್ದು ಕನ್ನಡ. ‘ಮಾನ್ಯರೇ, ದಯಮಾಡಿಸಿ. ತಮ್ಮೆಲ್ಲರಿಗೂ ಆದರದ ಸ್ವಾಗತ. ತಮ್ಮ ಬರವಿನಿಂದ ನಮಗೆಲ್ಲ ಸಂತೋಷವಾಗಿದೆ.’ ಮೈಸೂರಿನ ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಹೇಳುತ್ತಿದ್ದ ಸ್ವಾಗತ ಭಾಷಣ, ಅದೇ ಗಂಟಲು, ಅದೇ ಏರಿಳಿತ. ನಿಲ್ಲಿಸಿದ ಮೇಲೆ ತಿಳಿಯಿತು ಏನು ಮಾಡಿದೆ ಎಂದು.

ಟೀಚರು ಏನನ್ನೋ ಬರೆದುಕೊಳ್ಳುತ್ತ ‘ಬ್ಯೂಟಿಫುಲ್’ ಎಂದರು. ಕೆಂಚು ಚುಕ್ಕೆಯ ಹುಡುಗಿ ಪಕ್ಕದವಳಿಗೆ ‘ಅದು ಘಾನಾ ಭಾಷೆ’ ಎಂದದ್ದು ಕೇಳಿಸಿತು. ಸಿಸ್ಟರ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪಟ್ಟದ ಮೇಲೆ ಕೂತ ಹಾಗೆ ಕೂತು, ನನ್ನ ಕಡೆ ವಾಲಿ, ‘ತುಂಬಾ ಚೆನ್ನಾಗಿತ್ತು. ಈಗ ಅದನ್ನೇ ಅವರ ಭಾಷೇಲಿ ಹೇಳಿ. ಅದೇ ದನಿ ಇರಲಿ’ ಎಂದಳು. ಹೇಳಿದೆ. ಅದೇ ದನಿಯಲ್ಲಿ. ಯಾರೂ ‘ಸಾರಿ?’ ಎನ್ನಲಿಲ್ಲ.

ಆಮೇಲೆ ಅತಿಥಿಗಳು ಪ್ರಶ್ನೆ ಕೇಳಬೇಕು, ಆದರೆ ನನ್ನ ಮೂಲಕ. ಗಡ್ಡದ ಒಬ್ಬ ಯುವಕ ಎದ್ದು, ಮೆಲ್ಲಗೆ, ಮುಜುಗರದಿಂದಲೇ ಕೇಳಿದ: ‘ಅಲ್ಲಿ ಜನಕ್ಕೆ ತಿನ್ನೋಕೆ ಸಾಕಷ್ಟು ಸಿಗುತ್ತಾ?’ ಸಿಸ್ಟರ್‌ಗೆ ಅದು ಕೇಳಿಸಿತ್ತು. ಅವಳ ಬೆರಳುಗಳು ಬಟ್ಟೆಯ ಅಂಚನ್ನು ಹಿಡಿದದ್ದು ನಾನು ಕಂಡೆ. ಆದರೆ ರೀತಿಯ ಪ್ರಕಾರ ಅವಳಿಗೆ ಇನ್ನೂ ಕೇಳಿಸಿಲ್ಲ, ನಾನು ದಾಟಿಸಬೇಕು. ನಾನು ಅವಳ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ‘ಬಹಳ ದೂರದಿಂದ ನಡೆದು ಬಂದ ಈ ಮಹನೀಯರಿಗೆ, ತಮ್ಮ ಅಡುಗೆಮನೆಯ ಪರಿಮಳ ಬೀದಿಯ ತಿರುವಿನಲ್ಲೇ ಬಡಿದಿದೆ. ಒಲೆಯ ಮೇಲೆ ಏನಿದೆ ಎಂದು ತಿಳಿಯುವ ಆಸೆ ತಡೆಯಲಾಗುತ್ತಿಲ್ಲವಂತೆ.’

ಕೋಣೆ ಗೊಳ್ಳೆಂದಿತು. ಆ ಯುವಕ ಕಿವಿಯವರೆಗೆ ಕೆಂಪಾಗಿ, ‘ಹೌದು, ಹೌದು, ನಾನು ಕೇಳಿದ್ದು ಅದನ್ನೇ’ ಎಂದ. ಸಿಸ್ಟರ್ ನನ್ನತ್ತ ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಟ್ಟೆಯ ಅಂಚು ಬಿಟ್ಟಳು, ಪಿಸುಗುಟ್ಟಲು ಶುರುಮಾಡಿದಳು. ಸಂಜೆಯಾದರೆ ಬೀದಿಯ ಮನೆಮನೆಯಲ್ಲೂ ಫುಫು ಕುಟ್ಟುವ ಸದ್ದು. ಬೇಯಿಸಿದ ಗೆಣಸಿನಂಥ ಗೆಡ್ಡೆ ಮತ್ತು ಪ್ಲಾಂಟೇನನ್ನು ಒಬ್ಬರು ಒನಕೆಯಿಂದ ಕುಟ್ಟುವಾಗ ಇನ್ನೊಬ್ಬರು ಕೈಹಾಕಿ ತಿರುಗಿಸುತ್ತಾರೆ. ಒನಕೆಗೂ ಬೆರಳಿಗೂ ಎಂದೂ ಜಗಳವಿಲ್ಲ. ನಮ್ಮ ರಾಗಿಮುದ್ದೆಯ ಹಾಗೆ ಅದನ್ನೂ ಅಗಿಯಬಾರದು, ನುಂಗಬೇಕು. ಕಡಲೆಕಾಯಿ ಸಾರು, ಒಂದೇ ಬಟ್ಟಲು, ಸುತ್ತಲೂ ಕೈಗಳು. ಅವಳು ಒಂದು ಮಾತು ಕೊಟ್ಟರೆ ನಾನು ಅದಕ್ಕೆ ಒಗ್ಗರಣೆ ಹಾಕಿ ಬಡಿಸಿದೆ. ಆಮೇಲೆ ಪ್ರಶ್ನೆಗಳು ನಿಲ್ಲಲೇ ಇಲ್ಲ. ಯಾರ ಬೆರಳಾದರೂ ಜಜ್ಜಿದೆಯೇ? ಮಾರ್ಕೆಟ್ಟಿನಲ್ಲಿ ದಾರಿ ತಪ್ಪಿದರೆ ಏನು ಮಾಡುತ್ತೀರಿ? ಅಮ್ಮನ ಬಟ್ಟೆಗಳಿಗೆ ಹೆಸರಿಡುವವರು ಯಾರು? ಸಿಂಹವನ್ನು ಎಲ್ಲರೂ ಮರೆತೇಬಿಟ್ಟರು.

ಹೊತ್ತು ಮುಗಿದಾಗ ಅವಳು ತಂದಿದ್ದ ಘಾನಾದ ನಕ್ಷೆ ಸುರುಳಿ ಬಿಚ್ಚದೆಯೇ ಮೂಲೆಯಲ್ಲಿತ್ತು. ‘ನಕ್ಷೆ ತೋರಿಸಲೇ ಇಲ್ಲವಲ್ಲ’ ಎಂದೆ. ‘ಅದು ಅವರ ಫೋನಲ್ಲೇ ಇದೆ ಬಿಡಿ’ ಎಂದಳು. ಟೀಚರು ಬಂದು, ಮೊದಲು ಹೇಳಿದ ಆ ಸುಂದರ ಮಾತುಗಳು ಕುಮಾಸಿಯ ಭಾಷೆಯವೇ ಎಂದು ಕೇಳಿದರು. ನಾನು ಭೂಮಿಗಿಳಿದುಹೋದೆ. ‘ಅಲ್ಲ, ಅದು ನನ್ನ ಮಾತುಗಾರ್ತಿಯ ಭಾಷೆ. ಅವರು ಯಾವ ಮಾತಲ್ಲಿ ಬೇಕಾದ್ರೂ ಹೇಳಬಹುದು, ಅವರಿಗೆ ಆ ಅಧಿಕಾರ ಇದೆ’ ಎಂದಳು ಸಿಸ್ಟರ್, ರಾಜಗಾಂಭೀರ್ಯದಿಂದ. ಆಚೆ ಬಂದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದಯಮಾಡಿಸಿ ಎಂದರೇನೆಂದು ಕೇಳಿ, ಬಾಯಲ್ಲಿ ತಿರುಗಿಸಿ ತಿರುಗಿಸಿ ಕಲಿತಳು.

ಮುಂದಿನ ವಾರ ನಾನು ಮೈಸೂರನ್ನು ಪರಿಚಯಿಸಿದೆ, ಒಬ್ಬಳೇ ನಿಂತು. ಮುಂದಿನ ಸಾಲಿನಲ್ಲಿ ಸಿಸ್ಟರ್ ನೀರಿನ ಲೋಟ ಹಿಡಿದು ಕೂತಿದ್ದಳು. ಆ ವಿಷಯ ಇಷ್ಟೇ ಸಾಕು, ಇದು ನನ್ನ ಕಥೆಯಲ್ಲ.

ಕೋರ್ಸು ಮುಗಿದ ಮೇಲೆ ಅವಳಿಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಅವಳ ಊರಿನವನೇ ಆದ ಒಬ್ಬ ನರ್ಸ್ ಜೊತೆ ಮದುವೆಯಾಯಿತು. ನಮ್ಮವರಿಗೆ ಅಡಿಲೇಡ್ ಆಸ್ಪತ್ರೆಗೆ ಕರೆ ಬಂದು ನಾವು ಅಲ್ಲಿಗೆ ಹೋದೆವು. ಫೋನಿನಲ್ಲಿ ಅವಳ ಮೊದಲ ಮಾತು ಯಾವಾಗಲೂ, ದಕಾರವನ್ನು ಎಳೆದು, ‘ದಾಯಮಾಡಿಸಿ ಸಿಸ್ಟರ್’. ಎರಡನೆಯದು, ‘ನೀರು ಕುಡಿದ್ರಾ?’. ನಾನು ಕುಡಿದೆ ಎಂದ ಮೇಲೆಯೇ ಸಮಾಚಾರ. ಅಡಿಲೇಡಿನಲ್ಲಿ ನಾನು ಕೆಲಸ ಮಾಡುವ ಚೈಲ್ಡ್‌ಕೇರಿಗೆ ಎಲ್ಲೆಲ್ಲಿಂದಲೋ ಬಂದ ತಾಯಂದಿರು ಬರುತ್ತಾರೆ. ಕೆಲವರು ಬಾಗಿಲಲ್ಲಿ ನಿಂತು ಬಾಯಿ ತೆರೆದು, ಮಾತು ಸಿಗದೆ ಮುಚ್ಚುತ್ತಾರೆ. ಅವರನ್ನು ನಾನು ಏನೂ ಕೇಳುವುದಿಲ್ಲ. ಕೂರಿಸಿ ನೀರು ಕೊಡುತ್ತೇನೆ. ಇಲ್ಲಿ ಎಲ್ಲ ಕ್ಷೇಮ ಎನ್ನುತ್ತೇನೆ. ನನ್ನ ಜೊತೆಯವರು ಇದನ್ನು ಇಂಡಿಯಾದ ಪದ್ಧತಿ ಎಂದುಕೊಂಡಿದ್ದಾರೆ. ಕುಮಾಸಿಯದು ಎಂದು ಎಷ್ಟು ಸಲ ಹೇಳಿದರೂ ಮರೆಯುತ್ತಾರೆ.

ಒಂದು ಮಧ್ಯಾಹ್ನ ಅವಳ ನಂಬರಿನಿಂದ ಫೋನ್ ಬಂತು. ದಯಮಾಡಿಸಿಯೂ ಇಲ್ಲ, ನೀರೂ ಇಲ್ಲ, ಬರೀ ಉಸಿರಿನ ಸದ್ದು. ಅವಳ ಗಂಡ ಫೋನ್ ತೆಗೆದುಕೊಂಡು ಹೇಳಿದ. ಕುಮಾಸಿಯಲ್ಲಿ ಅಮ್ಮ ಹೋಗಿಬಿಟ್ಟಿದ್ದರು, ಅಂಗಡಿಯಲ್ಲೇ, ಮಧ್ಯಾಹ್ನದ ನಿದ್ದೆಯಲ್ಲೇ. ಸಿಸ್ಟರ್‌ಗೆ ಆಗ ದಿನ ತುಂಬುತ್ತಿತ್ತು, ಡಾಕ್ಟರು ವಿಮಾನ ಹತ್ತಲು ಬಿಡಲಿಲ್ಲ. ವಾರ ಕಳೆದ ಮೇಲೆ ಪರ್ತ್‌ನಲ್ಲೇ ಅವರ ಜನ ಸೇರಿ ಅಮ್ಮನನ್ನು ನೆನೆಯುವ ಸಭೆ ಇಟ್ಟುಕೊಂಡರು. ಅದಕ್ಕೆ ನಾನು ಬರಬೇಕೆಂದು ಅವಳು ಗಂಡನ ಕೈಯಲ್ಲಿ ಹೇಳಿಸಿದಳು. ಬಂದರೆ ಸಾಲದು, ಮಾತಾಡಬೇಕು.

ಚರ್ಚಿನ ಪಕ್ಕದ ಹಾಲ್ ಅದು. ಕಪ್ಪು, ಕೆಂಪು ಬಟ್ಟೆಯುಟ್ಟ ಹೆಂಗಸರು, ಗಂಡಸರು. ಸಿಸ್ಟರ್ ತುಂಬಿದ ಹೊಟ್ಟೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಕತ್ತಿಗೆ ಪೌಡರ್ ಇರಲಿಲ್ಲ. ಅವರ ಸಮುದಾಯದ ಹಿರಿಯರೊಬ್ಬರು ಇಂಥ ಸಭೆಗಳಿಗೆಲ್ಲ ಮಾತುಗಾರರಂತೆ. ಅವರು ಅವರ ಭಾಷೆಯಲ್ಲಿ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಿಸ್ಟರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು.

‘ಮಗಳೇ, ಈಕೆಗೆ ನಮ್ಮ ಭಾಷೆ ಬರುತ್ತಾ?’

ಅವಳು ಇಲ್ಲವೆಂದು ತಲೆಯಾಡಿಸಿದಳು.

‘ನಿನ್ನ ತಾಯಿಯನ್ನ ನೋಡಿದಾರಾ?’

ಅದಕ್ಕೂ ತಲೆಯಾಡಿಸಿ, ಹತ್ತಿರ ನಿಂತಿದ್ದ ನನ್ನ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡಳು. ಹಿರಿಯರು ಆ ಕೈಗಳನ್ನು ನೋಡಿದರು. ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟರು.

ನಾನು ಬಾಗಿ ಕಿವಿ ಕೊಟ್ಟೆ. ಅವಳು ಪಿಸುಗುಟ್ಟಿದಳು. ಒಂದು ಅಕ್ಷರವೂ ತಿಳಿಯಲಿಲ್ಲ. ಅವಳ ತಾಯಿಯ ಭಾಷೆ ಅದು. ಇಂಗ್ಲಿಷಿಗೆ ಬರುತ್ತಾಳೆಂದು ಕಾದೆ. ಬರಲಿಲ್ಲ. ಕಣ್ಣು ಮುಚ್ಚಿಕೊಂಡು, ಮಗು ಅಮ್ಮನಿಗೆ ಏನನ್ನೋ ದೂರು ಹೇಳುವ ಹಾಗೆ ಹೇಳುತ್ತಲೇ ಹೋದಳು. ನಾನು ಕೊನೆಯವರೆಗೂ ಕೇಳಿ, ನೆಟ್ಟಗೆ ನಿಂತೆ. ಹಾಲಿನ ತುಂಬ ಮುಖಗಳು. ಈ ಸಲ ಕುಟ್ಟಲು ಕೋಲು ಬೇಕಾಗಲಿಲ್ಲ.

‘ಇಲ್ಲಿ ಕೂತಿರುವ ಮಗಳು ತಮಗೆ ಹೇಳುತ್ತಿದ್ದಾಳೆ’ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. ‘ನನ್ನ ತಾಯಿ ಬೋಣಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ. ಪ್ರತಿ ಬಟ್ಟೆಯ ಹೆಸರೂ ಅವಳಿಗೆ ಗೊತ್ತಿತ್ತು, ಯಾರಿಗೆ ಯಾವುದು ಒಪ್ಪುತ್ತದೆ ಎಂದು ಅವರು ಬಾಯಿ ತೆರೆಯುವ ಮೊದಲೇ ಹೇಳುತ್ತಿದ್ದಳು. ಮಧ್ಯಾಹ್ನ ಗಂಟಿಗೆ ತಲೆ ಕೊಟ್ಟು ಮಲಗುವಳು, ಎಬ್ಬಿಸಿದವರಿಗೆ ಬೈಯುವಳು, ಬೈದದ್ದಕ್ಕೆ ಒಂದು ಬೆರಳು ಹೆಚ್ಚು ಕತ್ತರಿಸುವಳು.’ ಮುಂದೆ ಕೂತಿದ್ದ ಮುದುಕಿಯೊಬ್ಬರು ಅಳುತ್ತಲೇ ನಕ್ಕು ‘ಹೂಂ, ಹೂಂ’ ಎಂದರು. ಅವರೂ ಕುಮಾಸಿಯಲ್ಲಿ ಬೈಸಿಕೊಂಡವರಿರಬೇಕು. ಒಂದೊಂದು ಮಾತಿಗೂ ಹಾಲ್ ದನಿಗೂಡಿಸತೊಡಗಿತು. ಬಸ್ಸಿನಲ್ಲಿ, ಬಾಳೆಕಾಯಿ ಅಂಗಡಿಯಲ್ಲಿ, ಬೆಂಡೆಕಾಯಿ ಸಾರಿನ ಮುಂದೆ ನಾನು ಕೆದಕಿ ಕೆದಕಿ ತೆಗೆದದ್ದೆಲ್ಲ ತಾನಾಗಿ ಬಾಯಿಗೆ ಬಂತು. ಕೊನೆಯಲ್ಲಿ ಹೇಳಿದೆ, ‘ಆ ತಾಯಿಯ ಕತ್ತಿನಲ್ಲಿ ಮೂರು ಗೆರೆಗಳಿದ್ದವು. ನನ್ನ ದೇಶದ ಕವಿಗಳು ಅದನ್ನು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಇನ್ನು ಸ್ವಲ್ಪ ದಿನಕ್ಕೆ ಹುಟ್ಟುವ ಮಗುವಿನ ಕತ್ತನ್ನು ನಾವೆಲ್ಲ ನೋಡಲಿದ್ದೇವೆ.’

ಸಿಸ್ಟರ್ ನನ್ನ ಕಿವಿಯಲ್ಲಿ ಹೇಳಿದ್ದು ಏನೆಂದು ನಾನು ಆವತ್ತೂ ಕೇಳಲಿಲ್ಲ, ಆಮೇಲೆ ಎಂದೂ ಕೇಳಲಿಲ್ಲ. ನನ್ನ ಜೀವಮಾನದಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ ಇರಬೇಕು.

ಮಾತು ಮುಗಿದಾಗ ನನ್ನ ಗಂಟಲು ಒಣಗಿತ್ತು. ಅವಳ ಪಕ್ಕದ ಮೇಜಿನ ಮೇಲೆ ನೀರಿತ್ತು. ನನ್ನ ಬಲಗೈಯನ್ನು ಅವಳು ಬಿಟ್ಟಿರಲಿಲ್ಲ, ಬಿಡುವ ಹಾಗೆಯೂ ಕಾಣಲಿಲ್ಲ. ಇನ್ನೊಂದು ಕೈಯಿಂದ ಲೋಟ ಎತ್ತಿ ನನಗೆ ಚಾಚಿದಳು.

‘ಸಾರಿ ಫಾರ್ ಲೆಫ್ಟ್’ ಎಂದಳು. ಆ ವಾರವೆಲ್ಲ ಅವಳು ಆಡಿದ ಮೊದಲ ಇಂಗ್ಲಿಷ್ ಮಾತು ಅದು ಎಂದು ಗಂಡ ಆಮೇಲೆ ಹೇಳಿದ.

ನಾನೂ ಎಡಗೈಯಲ್ಲೇ ತೆಗೆದುಕೊಂಡು ಕುಡಿದೆ.